ಪೈಪಿನಲ್ಲಿ ನೀರು ಹರಿದ ದಿಕ್ಕು

ಗೌನಿಪಲ್ಲಿ
ಬುಧವಾರ, ಜೂನ್ ೧೧

ಶ್ರೀನಿವಾಸಪುರದಲ್ಲಿ ಬ್ಯಾನರ್ ಮತ್ತು ಅನೌನ್ಸ್‌ಮೆಂಟ್ ಅಂಗಡಿ ಇಟ್ಟುಕೊಂಡಿರುವ ನನ್ನ ಯಜಮಾನರು ಮುರಳೀಕೃಷ್ಣ ಅವರಿಗೆ, ಮೊನ್ನೆ ಶನಿವಾರದವರೆಗೂ ಆ ಅಂಗಡಿಯ ಬಾಯಿಯಾಗಿದ್ದ ಅರ್ಪಿತಳ ನಮಸ್ಕಾರ.

ತವರಿನಲ್ಲಿ ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ ಅಂತ ಕೇಳುವ ಮನಸ್ಸಿಲ್ಲ, ಆದರೂ ಕೈ ರೂಢಿಗೆ ಬಿದ್ದು ಬರೆಯುತ್ತಿದೆ. ಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದೀರೋ ಹೋಟೆಲಿನ ಪಾರ್ಸೆಲ್ಲೋ ಅಂತ ಅಂಗಡಿಯಿಂದ ಬಂದ ಆಂಜಿಯನ್ನೇ ಕೇಳಿದೆ. ಪಾರ್ಸೆಲ್ ಅಂದ. ಆಗಲಿ, ಪಾರ್ಸೆಲ್ ತಿಂದರೆ ಯಾರೂ ಸಾಯುವುದಿಲ್ಲ.

ಭಾನುವಾರದಿಂದ ನೀವು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ. ಒಂದಕ್ಕೂ ಉತ್ತರ ಕೊಟ್ಟಿಲ್ಲ. ಬರೀ ಕೋಪಕ್ಕಲ್ಲ. ನನ್ನ ಧ್ವನಿ ಇನ್ನು ಒಂದು ಚೂರೂ ನಿಮ್ಮ ಕಂಪ್ಯೂಟರಿಗೆ ಸಿಗಬಾರದು ಅಂತ ತೀರ್ಮಾನ ಮಾಡಿದ್ದೇನೆ. ನಾನು ಫೋನಿನಲ್ಲಿ 'ಬರ್ತೀನಿ' ಅಂದರೆ ಅದನ್ನು ಕತ್ತರಿಸಿ, ನಮ್ಮ ಶಕೀಲಕ್ಕನ ಎದುರು ಎಲೆಕ್ಷನ್ನಿಗೆ ನಿಂತಿರುವ ಕದಿರೇಶನ ಬಹಿರಂಗ ಸಭೆಗೆ ಅಂಟಿಸುವವರು ನೀವು. ಅದಕ್ಕೇ ಕಾಗದ. ಕಾಗದವನ್ನೂ ಕತ್ತರಿಸಬಹುದು ಅಂತ ನನಗೆ ಗೊತ್ತು, ಅದಕ್ಕೆ ಪ್ರತಿ ಪುಟದ ಕೆಳಗೂ ಸಹಿ ಹಾಕಿ, ಮುಂದಿನ ಪುಟದ ಮೊದಲ ಪದವನ್ನೂ ಬರೆದಿದ್ದೇನೆ. ನಗಬೇಡಿ. ನಿಮ್ಮ ಜೊತೆ ಸಂಸಾರ ಮಾಡಿ ಕಲಿತ ಬುದ್ಧಿ ಇದು.

ಶನಿವಾರ ಏನಾಯಿತು ಅಂತ ನೀವು ಒಂದು ಸಲವೂ ಕೇಳಲಿಲ್ಲ. ಅಂಗಡಿಗೆ ಓಡಿ ಬಂದ ನನ್ನನ್ನು ಗಿರಾಕಿಗಳ ಮುಂದೆ ನಿಲ್ಲಿಸಿ, ಎಲ್ಲಿದೆ ಸುಳ್ಳು, ತೋರಿಸು ಅಂತಷ್ಟೇ ಕೇಳಿದಿರಿ. ಊರಿಗೆಲ್ಲ ಮಾತಾಡುವವಳಿಗೆ ಗಂಡನ ಮುಂದೆ ಒಂದು ಮಾತು ಹೊರಡಲಿಲ್ಲ ನೋಡಿ. ಈಗ ತೋರಿಸುತ್ತೇನೆ. ಮೊದಲು ಶನಿವಾರದ ಕಥೆ ಕೇಳಿ.

ಬೆಳಿಗ್ಗೆ ನಾನು ಶಕೀಲಕ್ಕನ ಮನೆಯ ಜಗಲಿಯ ಮೇಲಿದ್ದೆ. ಅವಳ ಗಂಡ ಗೌಸ್ ಮೊಹಿದ್ದೀನ್ ಸಾಹೇಬರು ಮಂಡಿಯಿಂದ ಒಂದು ಬುಟ್ಟಿ ಉಪ್ಪಿನಕಾಯಿ ಮಾವು ಕಳಿಸಿದ್ದರು. ಈಳಿಗೆಮಣೆ ಹಾಕಿಕೊಂಡು ನಾನು ಹೆಚ್ಚುತ್ತಿದ್ದೆ, ಅವಳು ಹೋಳು ಒರೆಸುತ್ತಿದ್ದಳು. ಪುರಸಭೆ ಎಲೆಕ್ಷನ್ನಿಗೆ ನಿಂತವಳು ಓಟಿಗೆ ವಾರ ಇರುವಾಗಲೂ ಉಪ್ಪಿನಕಾಯಿ ಬಿಡದವಳು ಅಂತ ನಾನು ಆಡಿಕೊಳ್ಳುತ್ತಿದ್ದೆ. ಸೋತರೆ ಉಪ್ಪಿನಕಾಯಿಯಾದರೂ ಉಳಿಯುತ್ತೆ ಕಣೇ ಅಂತ ಅವಳು ನಗುತ್ತಿದ್ದಳು. ಅಷ್ಟರಲ್ಲಿ ಬೀದಿಯ ತುದಿಯಿಂದ ಮೈಕಿನ ಆಟೋ ಬಂತು. ನನ್ನ ಧ್ವನಿ. ನಿನ್ನ ವಾಯ್ಸ್ ಬಂತು ನೋಡೇ ಅಂತ ಶಕೀಲಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಅವಳಿಗೆ ಯಾವಾಗಲೂ ಹಾಗೇ, ಆಟೋದಲ್ಲಿ ನಾನು ಮಾತಾಡಿದರೆ ಅವಳಿಗೆ ಹೆಮ್ಮೆ. ಪಲ್ಸ್ ಪೋಲಿಯೋ ಇರಲಿ, ಕರೆಂಟು ತೆಗೆಯುವುದಿರಲಿ, ಬಾಗಿಲಿಗೆ ಬಂದು ನಿಂತು ಪೂರಾ ಕೇಳುವವಳು.

'ಸಾರ್ವಜನಿಕರ ಗಮನಕ್ಕೆ. ಬೋರ್‌ವೆಲ್‌ಗಳು ಬತ್ತಿರುವ ಕಾರಣ ಮುಂದಿನ ಸೂಚನೆಯವರೆಗೆ ನಿಮ್ಮ ವಾರ್ಡಿಗೆ ನೀರು ಬರುವುದಿಲ್ಲ.' ಏಪ್ರಿಲ್‌ನಲ್ಲಿ ನಾನು ಓದಿದ ಪ್ರಕಟಣೆ ಅದು. ಇದನ್ನು ಈಗ ಯಾಕೆ ಹಾಕಿದ್ದಾರೆ, ನೀರು ಬರುತ್ತಿದೆಯಲ್ಲ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಯಾರೋ ಗಂಡಸಿನ ದಪ್ಪ ಧ್ವನಿ: 'ನಿಮ್ಮ ಮನೆಗೆ ಬಾರದ ನೀರು ಯಾರ ಮನೆಗೆ ಹೋಯಿತು? ಯೋಚಿಸಿ. ಮತ ಹಾಕಿ.' ಅಷ್ಟೇ. ಹೆಸರಿಲ್ಲ, ಚಿಹ್ನೆಯಿಲ್ಲ. ಆಟೋ ಮುಂದೆ ಹೋಯಿತು. ಶಕೀಲಕ್ಕನ ಮೊಬೈಲು ಟಿಂಗ್ ಅಂತು. ವಾರ್ಡಿನ ಗ್ರೂಪಿಗೆ ಅದೇ ಮಾತಿನ ವಿಡಿಯೋ ಬಂದಿತ್ತು, ಜೊತೆಗೆ ಒಂದು ಫೋಟೊ. ಅವಳ ಗೇಟು, ಗೇಟಿನ ಮುಂದೆ ನೀರಿನ ಟ್ಯಾಂಕರು, ಟ್ಯಾಂಕರಿನ ಪೈಪು ಗೇಟಿನ ಒಳಗೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ನನ್ನ ಕೈಯಿಂದ ಮಾವಿನಕಾಯಿ ತೆಗೆದುಕೊಂಡು ಬುಟ್ಟಿಗೆ ಹಾಕಿದಳು. ಈ ಫೋಟೊ ನಿನ್ನ ಮೊಬೈಲಿನದು ಕಣೇ, ಅವತ್ತು ನೀನು ನಮ್ಮ ಎದುರು ಮನೆ ಮೆಟ್ಟಿಲ ಮೇಲೆ ನಿಂತು ತೆಗೆದದ್ದು ಅಂದಳು. ಆಮೇಲೆ, ಮನೆಗೆ ಹೋಗು ಅರ್ಪಿತಾ ಅಂದಳು. ಹನ್ನೊಂದು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲಿದೆ ಸುಳ್ಳು?

ಪ್ರಕಟಣೆ ನಿಜ. ಓದಿದ್ದು ನಾನೇ. ಫೋಟೊ ನಿಜ. ತೆಗೆದದ್ದು ನಾನೇ, ನಿಮ್ಮ ಮೊಬೈಲಿಗೆ ಕಳಿಸಿದ್ದೂ ನಾನೇ. ಕೊನೆಗೆ ಬರುವುದು ಬರೀ ಪ್ರಶ್ನೆ, ಪ್ರಶ್ನೆ ಕೇಳುವುದು ತಪ್ಪಾ ಅಂತ ನೀವು ವಾಯ್ಸಿನಲ್ಲಿ ಹೇಳಿದಿರಿ. ಒಪ್ಪಿದೆ. ಮೂರಕ್ಕೆ ಮೂರೂ ಸಾಚಾ. ಆದರೆ ಮೂರನ್ನೂ ಒಂದು ದಾರಕ್ಕೆ ಪೋಣಿಸಿದಾಗ ಏನಾಯಿತು? ಊರಿಗೆ ನೀರಿಲ್ಲದಾಗ ಶಕೀಲಾ ಟ್ಯಾಂಕರನ್ನು ಮನೆಗೆ ತಿರುಗಿಸಿಕೊಂಡಳು ಅಂತ ಆಯಿತು. ಇದನ್ನು ನೀವು ಬಾಯಿ ಬಿಟ್ಟು ಹೇಳಲಿಲ್ಲ. ಕೇಳುವವರ ಬಾಯಿಂದ ಹೇಳಿಸಿದಿರಿ. ಸುಳ್ಳು ನಿಮ್ಮ ವಿಡಿಯೋದಲ್ಲಿಲ್ಲ ರೀ, ನೋಡಿದವರ ತಲೆಯೊಳಗಿದೆ. ಅಲ್ಲಿ ಅದನ್ನು ಇಟ್ಟು ಬಂದವರು ನೀವು.

ಏಪ್ರಿಲ್‌ನ ಆ ಬರ ನಿಮಗೇನು ಗೊತ್ತಿಲ್ಲದ್ದಲ್ಲ. ನಮ್ಮ ಬೀದಿ ಕಿರಿದು, ಟ್ಯಾಂಕರು ಒಳಗೆ ತಿರುಗುವುದಿಲ್ಲ. ಮೊದಲ ದಿನ ಬೀದಿಯ ಬಾಯಲ್ಲಿ ನಿಲ್ಲಿಸಿ ಪೈಪು ಬಿಟ್ಟಾಗ ಕೊಡ ಕೊಡ ಬಡಿದಾಡಿ, ಅರ್ಧ ನೀರು ಮಣ್ಣಿಗೆ ಹೋಯಿತು. ಮುನಿಶಾಮಿಯ ಹೆಂಡತಿಗೆ ಹಣೆ ಒಡೆಯಿತು. ಮಾರನೇ ದಿನ ಶಕೀಲಕ್ಕ ಗೇಟು ತೆಗೆದು, ಮಂಡಿಯ ಹಣ್ಣು ತೊಳೆಯಲು ಕಟ್ಟಿಸಿದ್ದ ದೊಡ್ಡ ಸಂಪಿಗೆ ನೀರು ಬಿಡಿಸಿಕೊಂಡಳು. ಒಳಗೆ ಹೋದ ನೀರು ಸಾಲಾಗಿ ಹೊರಗೆ ಬಂತು, ಒಂದೊಂದು ಮನೆಗೆ ಸಮವಾಗಿ. ಫೋಟೊದಲ್ಲಿ ಪೈಪು ಕಾಣುತ್ತದೆ. ನೀರು ಕೊನೆಗೆ ಯಾವ ದಿಕ್ಕಿಗೆ ಹರಿಯಿತು ಅನ್ನುವುದು ಕಾಣುವುದಿಲ್ಲ. ಕಾಣುತ್ತಿತ್ತು, ನೀವು ಬಲಗಡೆ ಅರ್ಧವನ್ನು ಕತ್ತರಿಸದೆ ಇದ್ದಿದ್ದರೆ. ಅಲ್ಲಿ ಏನಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗ ಬರೆಯುವುದಿಲ್ಲ, ಆಂಜಿ ಪಕ್ಕದಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದಾನೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದರೆ ಅವರು ನಿಮ್ಮ ಪಾರ್ಟಿ. ಎಲೆಕ್ಷನ್ ಅಂದ್ಮೇಲೆ ಅಷ್ಟೇ ಕಣಮ್ಮಾ, ಇದಕ್ಕೆಲ್ಲ ಗಂಡನ್ನ ಬಿಟ್ಟು ಬರ್ತಾರಾ ಅಂದರು. ಅಮ್ಮ ಒಲೆಯ ಮುಂದಿನಿಂದಲೇ, ಅಳಿಯಂದಿರಿಗೆ ಸಕ್ಕರೆ ಕಾಯಿಲೆ, ಹೋಟೆಲ್ ಊಟ ಆಗಲ್ಲ ಅಂತ ಸೇರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ದೊಡ್ಡನಾರಾಯಣಪ್ಪ ಅಂದರೆ ಈ ಸುತ್ತಿನ ಮಂಡಿಯವರಿಗೆಲ್ಲ ಗೊತ್ತು, ಯಾಕೆ? ಹಣ್ಣು ಚೆನ್ನಾಗಿರುತ್ತೆ ಅಂತಲ್ಲ. ಬೇರೆಯವರು ಬುಟ್ಟಿಯ ಮೇಲೆ ದಪ್ಪ ಹಣ್ಣು ಜೋಡಿಸಿ, ಕೆಳಗೆ ಹುಲ್ಲಿನಡಿ ಗೋಲಿ ಗಾತ್ರದ್ದು ತುಂಬುತ್ತಾರೆ. ಅಪ್ಪ ಮಂಡಿಗೆ ಹೋದರೆ ಬೆಲೆ ಮಾತಾಡುವುದಕ್ಕೆ ಮುಂಚೆ ಒಂದು ಬುಟ್ಟಿಯನ್ನು ತಾವೇ ಬೋರಲು ಹಾಕುತ್ತಾರೆ, ಕೆಳಗಿನದು ಮೇಲೆ ಬರುವ ಹಾಗೆ. 'ಗಂಪ ಬೋರ್ಲಿಂಚು, ತರ್ವಾತ ಮಾಟ್ಲಾಡು' ಅಂತ ತೆಲುಗಿನಲ್ಲೇ ಹೇಳುವುದು ಅವರ ಅಭ್ಯಾಸ. ಬುಟ್ಟಿ ಮೊದಲು ಬೋರಲು, ಮಾತು ಆಮೇಲೆ. ಮದುವೆಗೆ ಹುಡುಗನ್ನ ನೋಡುವಾಗಲೂ ಅದೇ ಗಾದೆ ಹೇಳಿದವರು. ನಿಮ್ಮ ವಿಷಯದಲ್ಲಿ ಬುಟ್ಟಿ ಸರಿಯಾಗಿ ಬೋರಲು ಹಾಕಲಿಲ್ಲ ಅಂತ ಈಗ ಅನ್ನಿಸುತ್ತೆ, ಇರಲಿ. ನಾನು ಅವರ ಮಾತನ್ನು ಅವರಿಗೇ ಹೇಳಿದೆ. ಅಪ್ಪಾ, ಮೇಲಿನ ಹಣ್ಣೂ ನಿಜವಾದ ಹಣ್ಣೇ ಅಲ್ಲವಾ, ಹಾಗಾದರೆ ಮೇಲೆ ದಪ್ಪ ಹಣ್ಣು ಜೋಡಿಸುವವರು ಏನು ಸುಳ್ಳು ಹೇಳಿದರು ಅಂದೆ. ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟುಹೋದರು. ಅವತ್ತಿನಿಂದ ಈ ವಿಷಯ ಎತ್ತಿಲ್ಲ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಎದುರಾಳಿಯ ತಪ್ಪು ಹೇಳಬಾರದು ಅಂತ ನಾನು ಹೇಳುತ್ತಿಲ್ಲ. ಓಟು ಕೇಳುವವರೆಲ್ಲ ದೇವರ ಹಾಗೆ ತಮ್ಮ ಮಹಿಮೆಯನ್ನೇ ಹಾಡಿಕೊಂಡು ಹೋದರೆ ಜನರಿಗೆ ಏನು ತಿಳಿಯುತ್ತೆ? ಶಕೀಲಕ್ಕ ತಪ್ಪು ಮಾಡಿದ್ದರೆ ಬೀದಿಯಲ್ಲಿ ನಿಂತು ಹೇಳಿ. ಬೈಯಿರಿ. ಆದರೆ ಇಡೀ ಬೈಯಿರಿ, ಅರ್ಧ ಬೈಯಬೇಡಿ. ಹೆಸರು ಹಾಕಿ ಬೈಯಿರಿ. ಅವಳು ತಿರುಗಿ ಉತ್ತರ ಹೇಳುವುದಕ್ಕೆ ಜಾಗ ಬಿಟ್ಟು ಬೈಯಿರಿ. ಶನಿವಾರದ ಆ ಪ್ರಶ್ನೆಗೆ ಅವಳು ಯಾರಿಗೆ ಅಂತ ಉತ್ತರ ಹೇಳಬೇಕು? ಹೆಸರಿಲ್ಲ. ನಾನಲ್ಲ, ನಾನಲ್ಲ ಅಂತ ಬೀದಿ ಬೀದಿ ಹೇಳಿಕೊಂಡು ಹೋದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅನ್ನುತ್ತೀರಿ. ಸುಮ್ಮನಿದ್ದರೆ ಒಪ್ಪಿಕೊಂಡಳು ಅನ್ನುತ್ತೀರಿ.

ಮತ್ತೆ ನನ್ನ ಧ್ವನಿ. ಅದರ ಬೆಲೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅದನ್ನು ಮುಂದೆ ಇಟ್ಟಿರಿ. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಗುರುತು ನಾನು ಹೇಳಿದಾಗ ಆ ತಾಯಿ ಟೊಮೇಟೊ ಬುಟ್ಟಿ ಬಿಸಾಕಿ ಅಂಗಡಿಗೆ ಓಡಿ ಬಂದದ್ದು ನೆನಪಿದೆಯಾ? ನಮ್ಮ ಬಾಗಿಲಲ್ಲಿ ಕೂತು ಮಗುವನ್ನು ಎದೆಗೊತ್ತಿಕೊಂಡು, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕಮ್ಮ ಅಂದಿದ್ದು? ನೀವು ಅವತ್ತು ಸಂಜೆ ನಿಜವಾಗಿಯೂ ಅರ್ಧ ಕೆ.ಜಿ. ಸಕ್ಕರೆ ತಂದುಕೊಟ್ಟು ನಗಿಸಿದಿರಿ. ಆ ಹೆಂಗಸಿನ ಮನೆ ಅದೇ ವಾರ್ಡಿನಲ್ಲಿದೆ. ನಾನು ನೀರಿಲ್ಲ ಅಂದರೆ ಅವಳ ಪಾಲಿಗೆ ನೀರಿಲ್ಲ, ನಲ್ಲಿ ತಿರುಗಿಸಿ ನೋಡುವುದೂ ಇಲ್ಲ. ಆ ನಂಬಿಕೆಯ ಬೆನ್ನಿಗೆ ನೀವು ಕದಿರೇಶನ ಪ್ರಶ್ನೆಯನ್ನು ಕಟ್ಟಿ ಕಳಿಸಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಹಾಸಿಗೆಯಲ್ಲಿ ಪಕ್ಕದಲ್ಲೇ ಮಲಗಿದ್ದೆನಲ್ಲ ರೀ, ಕೇಳಬಹುದಿತ್ತು. ನನಗೆ ಎಲ್ಲಕ್ಕಿಂತ ಉರಿದದ್ದು ಅದೇ.

ಶಕೀಲಕ್ಕನ ಸಂಪಿನ ನೀರು ಕುಡಿದವರೇ ಈಗ ಏನು ಹೇಳುತ್ತಿದ್ದಾರೆ ಗೊತ್ತಾ? ಹಣೆ ಒಡೆದುಕೊಂಡಿದ್ದ ಮುನಿಶಾಮಿಯ ಹೆಂಡತಿ ನನಗೆ ಫೋನು ಮಾಡಿ, ಬೆಂಕಿಯಿಲ್ಲದೆ ಹೊಗೆಯಾಡಲ್ಲ ಅರ್ಪಿತಮ್ಮಾ, ನಾವು ನೋಡದೆ ಇರೋವಾಗ ಎಷ್ಟು ಟ್ಯಾಂಕರು ಇಳಿಸ್ಕೊಂಡ್ರೋ ಅಂದಳು. ಅವಳು ದಿನಾ ಹೊತ್ತುಕೊಂಡು ಹೋದ ಕೊಡ ಅವಳಿಗೇ ಮರೆತುಹೋಗಿದೆ. ಉಂಡ ಮನೆಯ ಜಂತೆ ಎಣಿಸುವುದನ್ನು ನೀವು ಇಡೀ ಬೀದಿಗೆ ಕಲಿಸಿಬಿಟ್ಟಿರಿ. ಶಕೀಲಕ್ಕ ಓಟು ಕೇಳಲು ಹೋದರೆ ಎರಡು ಮನೆಯವರು ಬಾಗಿಲು ಹಾಕಿಕೊಂಡರಂತೆ. ಅವಳು ಗೆಲ್ಲುವುದು ಸೋಲುವುದು ಆಮೇಲಿನ ಮಾತು. ಎಲೆಕ್ಷನ್ ಭಾನುವಾರ ಮುಗಿಯುತ್ತೆ, ಸೋಮವಾರದಿಂದ ಅವಳು ಅದೇ ಬೀದಿಯಲ್ಲಿ ನೀರು ಕದ್ದವಳಾಗಿ ಬದುಕಬೇಕು.

ನೀವು ತಿಳಿದಿರಬಹುದು, ನಾನು ಶಕೀಲಕ್ಕನ ಕಡೆಗೆ ಸೇರಿಕೊಂಡೆ ಅಂತ. ಅದೂ ಕೇಳಿ.

ನಿನ್ನೆ ಮಧ್ಯಾಹ್ನ ಅವಳೇ ಇಲ್ಲಿಗೆ ಬಂದಳು, ಗೌಸ್ ಸಾಹೇಬರ ಜೊತೆ. ಸಾಹೇಬರು ಅಪ್ಪನ ಜೊತೆ ತೋಟ ನೋಡುವ ನೆಪದಲ್ಲಿ ಹೊರಗೆ ಹೋದರು. ಅವಳು ನನ್ನ ಮುಂದೆ ಮೊಬೈಲು ಹಿಡಿದಳು. ಕದಿರೇಶನ ಮಾವಿನ ತೋಟ, ತೋಟದೊಳಗೆ ಅದೇ ನೀರಿನ ಟ್ಯಾಂಕರು, ಪೈಪು ಕೆಳಗೆ. ಏಪ್ರಿಲ್‌ನಲ್ಲೇ ಯಾರೋ ತೆಗೆದದ್ದು. ನೋಡೇ, ಊರಿನ ನೀರು ಅವನ ಗಿಡಕ್ಕೆ, ನೀನು ನಿನ್ನ ಬಾಯಲ್ಲಿ ಒಂದು ಪ್ರಶ್ನೆ ಕೇಳು ಸಾಕು, ಅವನಿಗೂ ಉರಿಯಲಿ ಅಂದಳು. ಕಣ್ಣು ಕೆಂಪಾಗಿತ್ತು. ನನ್ನಿಂದ ಆದ ಗಾಯಕ್ಕೆ ನನ್ನನ್ನೇ ಔಷಧಿ ಕೇಳಲು ಬಂದಿದ್ದಳು. ಯಾರಿಗಾದರೂ ಆಗಲ್ಲ ಅನ್ನಬಹುದು, ಅವಳಿಗೆ ಅನ್ನುವುದು ಕಷ್ಟ.

ಆದರೆ ಆ ಟ್ಯಾಂಕರು ಅಲ್ಲಿ ಯಾಕಿತ್ತು ಅಂತ ನನಗೆ ಗೊತ್ತಿತ್ತು. ಊರಿಗೆ ಟ್ಯಾಂಕರ್ ತುಂಬಿಸಲು ಪುರಸಭೆಯವರು ಕದಿರೇಶನ ತೋಟದ ಬೋರನ್ನು ತೆಗೆದುಕೊಂಡಿದ್ದರು. ಆ ಪ್ರಕಟಣೆಯನ್ನೂ ನಾನೇ ಓದಿದ್ದೆ. ಅಂದರೆ ಆ ಪೈಪಿನಲ್ಲಿ ನೀರು ತೋಟದಿಂದ ಟ್ಯಾಂಕರಿಗೆ ಹೋಗುತ್ತಿತ್ತು, ಟ್ಯಾಂಕರಿನಿಂದ ಗಿಡಕ್ಕಲ್ಲ. ಅವನು ಬೋರು ಕೊಟ್ಟಿದ್ದರಿಂದಲೇ ಶಕೀಲಕ್ಕನ ಸಂಪು ತುಂಬಿದ್ದು. ಎಂಥ ಮಜಾ ನೋಡಿ. ನೀರು ಕೊಟ್ಟವನು ಒಬ್ಬ, ನೀರು ಹಂಚಿದವಳು ಒಬ್ಬಳು, ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರು ಅನ್ನಲು ಒಂದೇ ಪೈಪು ಹಿಡಿದುಕೊಂಡು ನಿಂತಿದ್ದಾರೆ. ಇಬ್ಬರ ಕೈಯಲ್ಲೂ ನಿಜವಾದ ಫೋಟೊ.

ಆಗಲ್ಲ ಶಕೀಲಕ್ಕ ಅಂದೆ. ಕಾರಣ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ನನ್ನ ಮೇಲೆ ಹಾಕುವಾಗ ನಿನ್ನ ಗಂಡ ಇಷ್ಟೆಲ್ಲ ಯೋಚನೆ ಮಾಡಿದ್ನಾ, ನಕ್ಕೋ, ಬೇಡ ನನಗೆ, ನಿನ್ನ ಸತ್ಯ ನೀನೇ ಇಟ್ಕೋ, ಅದಕ್ಕೆ ಓಟು ಬೀಳಲ್ಲ ಅಂತ ಎದ್ದಳು. ಓಟು ಬೀಳದಿದ್ದರೂ ಪರವಾಗಿಲ್ಲ, ನನ್ನ ಬಾಯಿಂದ ಎರಡನೇ ಸಲ ಆ ಕೆಲಸ ಆಗಲ್ಲ ಅಂತ ನಾನೂ ಎದ್ದೆ. ಅಮ್ಮ ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಆಗ ನಾನು ನನ್ನ ಮೊಬೈಲು ತೆಗೆದು ಇಡೀ ಫೋಟೊ ತೋರಿಸಿದೆ, ಬಲಗಡೆ ಅರ್ಧವೂ ಸೇರಿ. ಅವಳು ನೋಡಿದಳು. ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. ಆಮೇಲೆ ಅಮ್ಮನ ಕೈಯಿಂದ ಕಾಫಿ ತೆಗೆದುಕೊಂಡು ಜಗಲಿಯ ಮೇಲೆ ಕೂತಳು. ನಾನು ನನ್ನ ಮನಸ್ಸಿನಲ್ಲಿದ್ದದ್ದು ಹೇಳಿದೆ. ನಿನ್ನ ಪ್ರಚಾರದ ಆಟೋಗೆ ಮೈಕಿನ ಪರ್ಮಿಷನ್ ಇದೆ, ಗುರುವಾರ ಅದರಲ್ಲಿ ನನ್ನನ್ನು ಕೂರಿಸು. ರೆಕಾರ್ಡಿಂಗ್ ಬೇಡ, ನಾನೇ ಕೂತು, ಎಲ್ಲರಿಗೂ ಮುಖ ಕಾಣುವ ಹಾಗೆ ಮಾತಾಡುತ್ತೇನೆ. ನೀರು ಹೇಗೆ ಬಂತು, ಯಾರ ಬೋರಿನಿಂದ ಬಂತು, ಯಾರ ಸಂಪಿಗೆ ಹೋಯಿತು, ಅಲ್ಲಿಂದ ಯಾರ ಯಾರ ಮನೆಗೆ ಹೋಯಿತು, ಎಲ್ಲ ಹೇಳುತ್ತೇನೆ. ಕದಿರೇಶನ ಬೋರು ಅನ್ನುವುದನ್ನೂ ಹೇಳುತ್ತೇನೆ. ನೀನು ದಿನಾ ಮೊದಲು ನಿನ್ನ ಮನೆಯ ಮೇಲಿನ ಟ್ಯಾಂಕು ತುಂಬಿಸಿಕೊಂಡು ಆಮೇಲೆ ಬೀದಿಗೆ ಗೇಟು ತೆಗೆಯುತ್ತಿದ್ದೆಯಲ್ಲ, ಅದನ್ನೂ ಹೇಳುತ್ತೇನೆ.

ಅದನ್ನೂ ಹೇಳ್ಬೇಕೇನೇ ಅಂದಳು.

ಹೇಳಬೇಕು ಅಂದೆ. ಬುಟ್ಟಿ ಬೋರಲು ಹಾಕಿದ ಮೇಲೆ ಕೊಳೆತ ಹಣ್ಣನ್ನು ಸೆರಗಲ್ಲಿ ಮುಚ್ಚಿಕೊಳ್ಳುವ ಹಾಗಿಲ್ಲ. ನಾವು ಒಂದನ್ನು ಮುಚ್ಚಿಟ್ಟರೆ ಕದಿರೇಶ ಶುಕ್ರವಾರ ಬೆಳಿಗ್ಗೆ ಅದನ್ನೇ ಹಿಡಿದುಕೊಂಡು ಬರುತ್ತಾನೆ, ಆಗ ಮಿಕ್ಕ ನಿಜವೂ ಸುಳ್ಳಾಗುತ್ತೆ. ಅವಳು ಕಾಫಿ ಲೋಟ ಕೆಳಗಿಟ್ಟಳು. ಗೌಸ್ ಸಾಹೇಬರು ಬಂದು ಕರೆದಾಗ ಎದ್ದು, ಅಂಗಳ ದಾಟಿ, ಕಾರಿನ ಬಾಗಿಲವರೆಗೂ ಹೋದಳು. ಅಲ್ಲಿಂದ ತಿರುಗಿ ಬಂದು, ಗುರುವಾರ ಬೆಳಿಗ್ಗೆ ಆಟೋ ಕಳಿಸ್ತೀನಿ, ಆದರೆ ನಮ್ಮದು ಐನೂರು ಲೀಟರಿನ ಟ್ಯಾಂಕು, ಸಾವಿರ ಲೀಟರು ಅಂತ ಹೇಳೀಯೆ ಮತ್ತೆ ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ, ಆದರೆ ನನ್ನ ಕೆನ್ನೆ ತಟ್ಟಿ ಹೋದಳು. ನನಗೆ ಅಷ್ಟು ಸಾಕಾಗಿತ್ತು. ಅವಳು ಹೋದ ಮೇಲೆ ಹಿತ್ತಿಲಿಗೆ ಹೋಗಿ ಅತ್ತೆ.

ಇವತ್ತು ನೀವು ಆಂಜಿಯನ್ನು ಕಳಿಸಿದ್ದೀರಿ. ನನ್ನನ್ನು ಕರೆದುಕೊಂಡು ಬಾ ಅಂತ ಕಳಿಸಿರಬಹುದು ಅಂತ ಒಂದು ಕ್ಷಣ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಅವನು ಜೇಬಿನಿಂದ ನಿಮ್ಮ ಚೀಟಿ ತೆಗೆದ. ಕೊನೇ ದಿನದ ಅನೌನ್ಸ್‌ಮೆಂಟು, ಮೊಬೈಲಿನಲ್ಲೇ ಓದಿ ಕಳಿಸು, ಬೇರೆಯವರ ಧ್ವನಿ ಹಾಕಿ ನೋಡಿದೆ, ಜನ ನಿಂತು ಕೇಳ್ತಿಲ್ಲ ಅಂತ ಬರೆದಿದ್ದೀರಿ. ಕೆಳಗೆ ಓದಬೇಕಾದ ಸಾಲು: 'ಬರಗಾಲದಲ್ಲಿ ನೀರು ತಿರುಗಿಸಿಕೊಂಡವರು ನಾಳೆ ಏನೇನು ತಿರುಗಿಸಿಕೊಳ್ಳುತ್ತಾರೋ?' ಮತ್ತೆ ಪ್ರಶ್ನೆ. ನಿಮ್ಮ ಅಕ್ಷರ ಎಷ್ಟು ದುಂಡಗಿದೆ ಅಂತ ನೋಡುತ್ತಾ ಕೂತಿದ್ದೆ. ಮದುವೆಗೆ ಮುಂಚೆ ನನಗೆ ಬರೆದ ಕಾಗದಗಳಲ್ಲೂ ಇದೇ ಅಕ್ಷರ. ಆ ಚೀಟಿಯನ್ನು ಅಮ್ಮ ಒಲೆಗೆ ಹಾಕಿದರು. ಅಳಿಯನ ಸಕ್ಕರೆ ಕಾಯಿಲೆಯ ಮಾತು ಮತ್ತೆ ಬರಲಿಲ್ಲ.

ನಮ್ಮ ಅಂಗಡಿಗೆ ಪಾರ್ಟಿ ಇಲ್ಲ, ಯಾರು ಬಂದರೂ ಕೆಲಸ ಮಾಡಿಕೊಡುತ್ತೇವೆ ಅನ್ನುತ್ತೀರಲ್ಲ, ಆ ಮಾತು ನನಗೆ ಇಷ್ಟವೇ. ಕ್ಷೌರದ ಅಂಗಡಿಯವನು ಎಲ್ಲರ ತಲೆಯನ್ನೂ ಬೋಳಿಸುತ್ತಾನೆ, ತಪ್ಪಲ್ಲ. ಆದರೆ ಒಬ್ಬನ ಕೂದಲು ತೆಗೆಯಲು ಇನ್ನೊಬ್ಬ ದುಡ್ಡು ಕೊಟ್ಟರೆ ಮಲಗಿದ್ದವನ ತಲೆಗೆ ಕತ್ತಿ ಹಾಕುತ್ತಾನಾ? ಕದಿರೇಶ ತನ್ನ ಬೋರಿನ ನೀರು ಊರಿಗೆ ಕೊಟ್ಟದ್ದನ್ನು ನೀವು ದೊಡ್ಡದಾಗಿ ಬ್ಯಾನರ್ ಹಾಕಿಸಬಹುದಿತ್ತು. ನಾನೇ ಖುಷಿಯಿಂದ ಓದುತ್ತಿದ್ದೆ. ಅವನಿಗೆ ಹೇಳಿಕೊಳ್ಳಲು ಅಷ್ಟು ಒಳ್ಳೆಯದು ಇದ್ದಾಗಲೂ ನೀವಿಬ್ಬರೂ ಸೇರಿ ಕೆಟ್ಟದ್ದನ್ನೇ ಹುಡುಕಿಕೊಂಡು ಹೋದಿರಿ. ನನಗೆ ಅದು ಅರ್ಥವೇ ಆಗುವುದಿಲ್ಲ.

ನಾಳೆ ನಾನು ಮೈಕು ಹಿಡಿದರೆ ಏನಾಗುತ್ತೆ ಅನ್ನುವುದು ಗೊತ್ತಿದೆ. ಕದಿರೇಶನ ಕಡೆಯವರು ಇನ್ನು ನಮ್ಮ ಅಂಗಡಿಗೆ ಬರುವುದಿಲ್ಲ. ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಲು ಬಾರದವನು ಅಂತ ನಿಮ್ಮನ್ನು ಆಡಿಕೊಳ್ಳುತ್ತಾರೆ. ಶಕೀಲಕ್ಕನ ಕಡೆಯವರು ಟ್ಯಾಂಕಿನ ವಿಷಯಕ್ಕೆ ನನ್ನನ್ನು ಬೈಯುತ್ತಾರೆ. ಅಂಗಡಿ ಮುಚ್ಚಬೇಕಾಗಿ ಬರಬಹುದು. ನಾನು ಆ ಮನೆಗೆ ತಿರುಗಿ ಬರುವ ದಾರಿಯೂ ಮುಚ್ಚಬಹುದು. ಹೆದರಿಕೆ ಇದೆ. ಇದ್ದರೂ ಹೋಗುತ್ತೇನೆ. ನೀವು ಫೋನು ಮಾಡಿ ಅಪ್ಪನಿಗೆ ಹೇಳಿಸಿದರೂ ಹೋಗುತ್ತೇನೆ, ನೀವೇ ಬಂದು ಬಾಗಿಲಿಗೆ ಅಡ್ಡ ನಿಂತರೂ ಹೋಗುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ, ಅವರ ಕಾಲದಲ್ಲಿ ಫೋಟೊ ಕತ್ತರಿಸುವವರು ಇಲ್ಲದಿದ್ದರೂ ಹೇಳಿದರು.

ನಾನು ನಾಳೆ ಹೇಳುವ ಮೊದಲ ವಾಕ್ಯ ಇದು: 'ಸಾರ್ವಜನಿಕರ ಗಮನಕ್ಕೆ, ಶನಿವಾರ ನೀವು ಕೇಳಿದ್ದು ನನ್ನ ಧ್ವನಿ, ಆದರೆ ನನ್ನ ಮಾತಲ್ಲ.' ನನ್ನ ಹೆಸರು, ನನ್ನ ಮನೆಯ ವಿಳಾಸ ಎರಡನ್ನೂ ಹೇಳುತ್ತೇನೆ. ತಪ್ಪಿದ್ದರೆ ಬಂದು ಕೇಳಲಿ. ವಿಳಾಸ ಅಂದರೆ ನಿಮ್ಮ ಮನೆಯದೇ. ನನಗೆ ಬೇರೆ ವಿಳಾಸ ಇಲ್ಲ, ಬೇಕು ಅಂತಲೂ ಇಲ್ಲ.

ಮಾತ್ರೆ ತಪ್ಪಿಸಬೇಡಿ. ಅಡುಗೆಮನೆಯ ಅಟ್ಟದ ಮೇಲಿನ ಡಬ್ಬಿಯಲ್ಲಿ ರಾಗಿಹಿಟ್ಟಿದೆ.

ಇನ್ನೂ ನಿಮ್ಮವಳೇ ಅಂತ ಹಟದಿಂದ ಬರೆಯುತ್ತಿರುವ,
ಅರ್ಪಿತ

ಮರೆತಿದ್ದೆ, ಅಲ್ಲ, ಬೇಕೆಂದೇ ಕೊನೆಗಿಟ್ಟಿದ್ದೆ: ಆಂಜಿ ಕೈಯಲ್ಲಿ ಒಂದು ಪೆನ್‌ಡ್ರೈವ್ ಕಳಿಸ್ತಿದ್ದೇನೆ. ಅದರಲ್ಲಿ ಇಡೀ ಫೋಟೊ ಇದೆ. ಎಡಗಡೆ ಟ್ಯಾಂಕರು, ಗೇಟಿನೊಳಗೆ ಪೈಪು. ನೀವು ಕತ್ತರಿಸಿದ ಬಲಗಡೆ, ಅದೇ ಗೇಟಿನಿಂದ ತುಂಬಿದ ನಮ್ಮ ನೀಲಿ ಡ್ರಮ್ಮು ಹೊರಗೆ ಬರುತ್ತಿದೆ. ಅದರ ಒಂದು ಕಿವಿ ಶಕೀಲಕ್ಕನ ಕೈಯಲ್ಲಿದೆ. ಇನ್ನೊಂದು ಕಿವಿ ಹಿಡಿದು, ಲುಂಗಿ ಎತ್ತಿ ಕಟ್ಟಿಕೊಂಡು, ನನ್ನ ಕಡೆ ನೋಡಿ ನಗುತ್ತಿರುವವರು ನೀವು. ನಾಳೆ ಅದು ಆಟೋದ ಮೇಲೆ ಬ್ಯಾನರಾಗಿ ಬರುತ್ತದೆ. ಮುಳಬಾಗಿಲಿನ ಅಂಗಡಿಯವನಿಗೆ ಬೆಳಿಗ್ಗೆವರೆಗೆ ತಡೆಯಲು ಹೇಳಿದ್ದೇನೆ, ನಿಮ್ಮ ಅಂಗಡಿಯಲ್ಲೇ ಮುದ್ರಣವಾಗುತ್ತೇನೋ ನೋಡೋಣ ಅಂತ. ಮಾಡಿದರೆ ಕೆಳಗೆ ಮುದ್ರಕರ ಹೆಸರು ಹಾಕಿ. ಈ ಸಲ ನಿಮ್ಮನ್ನು ನೀವು ಕತ್ತರಿಸಿಕೊಳ್ಳಬೇಡಿ.